ಸಿಕ್ಕಿದೆ, ಆದರೂ

ಕೌಲ್‌ಬಜಾರಿನ ಶೆಡ್ಡಿನಲ್ಲಿ
ಎಂಟೂವರೆಗೇ ತಗಡು ಕಾದು ಟಿಣ್ ಎನ್ನುತ್ತದೆ.
ಐಕಾನಿನ ಮೇಲೆ ಎರಡು ಸಲ ಒತ್ತುತ್ತೇನೆ.
ಒಂದು ಸಣ್ಣ ಬಳೆ ಗಿರಗಿರ ತಿರುಗುತ್ತದೆ,
ಒಳಗೆ ಯಾರೋ ಎದ್ದು ಚಪ್ಪಲಿ ಹುಡುಕುತ್ತಿರುವಂತೆ.
ಆಮೇಲೆ ಬಳೆಯೂ ಇಲ್ಲ.
ಕಿಟಕಿ ಇಲ್ಲ, ಒಂದು ಬೈಗುಳವೂ ಇಲ್ಲ.
ಜಡೆಪ್ಪ ಹಾಕಿಕೊಟ್ಟು ಹೋದ ಪೆಂಗ್ವಿನ್ನು ಮಾತ್ರ
ಪಗಾರದ ದಿನದ ಸಾಹುಕಾರನ ಹಾಗೆ
ಬೇರೆಲ್ಲೋ ನೋಡುತ್ತಿದೆ.

ಎಂಟುನೂರು ಜೀನ್ಸ್ ಪ್ಯಾಂಟಿನ ಆರ್ಡರು.
ಮೂವತ್ನಾಲ್ಕರ ಸೊಂಟ, ಹಿಂಜೇಬಿನ ಹೊಸ ನಕ್ಷೆ,
ಎಲ್ಲಾ ಆ ಡಬ್ಬಿಯೊಳಗೇ.
"ಯಾಕಕ್ಕಾ, ತೆರೀವಲ್ದಾ?"
ಕತ್ತರಿ ಮೆಷಿನ್ನು ಒರೆಸುತ್ತ ಮಸ್ತಾನ್‌ವಲಿ.
ತಿಪ್ಪೇರುದ್ರಪ್ಪನವರದು ಒಂದೇ ಔಷಧ:
"ಬಂದ್ ಮಾಡಿ ಚಾಲೂ ಮಾಡು."
ಮಾಡಿದೆ.
"ಇನ್ನೊಮ್ಮೆ."
ಮಾಡಿದೆ.
"ತಲೀಗೆ ಒಂದೇಟು ಕೊಡು."
ಅದನ್ನು ಮಾಡಲಿಲ್ಲ. ಮೇಲೆ ಕೈಯಿಟ್ಟು ನೋಡಿದೆ.
ಜ್ವರದಷ್ಟು ಬಿಸಿ,
ಫ್ಯಾನಿನ ರೆಕ್ಕೆಗೆ ಸಂಡೂರಿನ ಕೆಂಪು ಧೂಳು.

ಹದಿನಾರು ವರ್ಷ ಹೊಲಿಗೆ ಮೆಷಿನ್ನಿಗೆ ಕೂತವಳಿಗೆ
ಈ ಮೌನ ಹೊಸದಲ್ಲ.
ಬಾಬಿನ್ ದಾರ ಮುಗಿದರೂ ಸೂಜಿ ನಿಲ್ಲುವುದಿಲ್ಲ,
ಮೇಲೆ ಕೆಳಗೆ, ಮೇಲೆ ಕೆಳಗೆ, ಸದ್ದಿಗೇನೂ ಕೊರತೆಯಿಲ್ಲ.
ಇಡೀ ಕಾಲು ಹೊಲಿದು ಎತ್ತಿದಾಗಲೇ
ಎರಡು ತುಂಡು ಎರಡು ಕಡೆ ಬೀಳುವುದು.
ಮೇಲಿಂದ ದಿಟ್ಟಿಸಿ ಪ್ರಯೋಜನವಿಲ್ಲ,
ತಟ್ಟೆ ಸರಿಸಿ ಕೆಳಗೆ ಇಣುಕಬೇಕು.

ಕಪ್ಪು ಕಿಟಕಿ ತೆರೆದೆ.
ಅದಕ್ಕೆ ಚಿತ್ರ ಬೇಡ, ಬಣ್ಣ ಬೇಡ,
ಹೆಸರು ಹಿಡಿದು ಕೂಗಿದರೆ ಸಾಕು.
ಅಕ್ಷರ ಅಕ್ಷರ ಕುಟ್ಟಿ ಎಂಟರ್ ಒತ್ತಿದೆ.
ಅಷ್ಟು ಹೊತ್ತು ಬಾಯಿಬಿಡದ್ದು
ಒಮ್ಮೆಲೇ ಆರು ಸಾಲು ಮಾತಾಡಿತು, ಇಂಗ್ಲಿಷಿನಲ್ಲಿ.
ಅಪ್ಪನಿಗೆ ಡಬ್ಬಿ ತಂದ ತಸ್ಲೀಮಾ ಓದಿ ಹೇಳಿದಳು:
"ಪರದೆ ಮ್ಯಾಲ ಬಿಡಿಸೋ ತುಣುಕು ಸಿಕ್ಕೈತಂತ ಅಕ್ಕಾ.
ಸಿಕ್ಕರೂ ಎತ್ತಿಕೊಳ್ಳಾಕ ಆಗವಲ್ದಂತ."

ಸಿಕ್ಕಿದ್ದನ್ನು ಎತ್ತಿಕೊಳ್ಳಲು ಏನು ಕಷ್ಟ?
ಮಸ್ತಾನ್‌ವಲಿ ನಕ್ಕ:
"ನನ್ನ ರೇಷನ್ ಕಾರ್ಡು ಹಂಗೇ ಐತಲ್ಲ.
ಲಿಸ್ಟಿನಾಗ ಹೆಸರು ಐತಿ,
ಮೆಷಿನ್ಯಾಗ ಹೆಬ್ಬೆಟ್ಟು ಹತ್ತವಲ್ದು."
ತೋರಿಸಿದ. ಡೆನಿಮ್ಮು ತಿಕ್ಕಿ ತಿಕ್ಕಿ
ಗೆರೆಯೇ ಇಲ್ಲದ ನೀಲಿ ಬೆರಳು.

ಆ ತುಣುಕು ಯಾರ್ಯಾರ ಮೇಲೆ ನಿಂತಿದೆಯೆಂದು ಪಟ್ಟಿ ಕೇಳಿದೆವು.
ನಲವತ್ತು ಹೆಸರು, ಎಲ್ಲರಿಗೂ ಮನೆ, ವಿಳಾಸ.
ತಸ್ಲೀಮಾಳ ಬೆರಳು ಗಾಜಿನ ಮೇಲೆ ಇಳಿದು ಇಳಿದು
ಒಂದು ಕಡೆ ನಿಂತಿತು.
ವಿಳಾಸದ ಜಾಗದಲ್ಲಿ: ಸಿಗಲಿಲ್ಲ.
ಮೌಸಿನ ಬಾಣ ಬಿಡಿಸುವ ಪುಟ್ಟ ಕಡತವದು.
ಅದೊಂದು ಬರಲಿಲ್ಲವೆಂದು
ಉಳಿದವರೆಲ್ಲ ಗಂಟು ಕಟ್ಟಿಕೊಂಡು ಕೂತಿದ್ದಾರೆ.

ಮೊನ್ನೆ ಜಾಗ ತುಂಬಿತೆಂದು
ಬೇಡದ್ದನ್ನೆಲ್ಲ ಗುಡಿಸಿದವಳು ನಾನೇ.
"ಇವು ಬೇಡವೇ?" ಎಂದು ಅದು ಕೇಳಿತ್ತು.
ಓದದೆ ಹೂಂ ಎಂದಿದ್ದೆ.
ಇದನ್ನು ತಿಪ್ಪೇರುದ್ರಪ್ಪನವರಿಗೆ ಹೇಳಲಿಲ್ಲ.

ಮಸ್ತಾನ್‌ವಲಿಯ ಫೋನಿನಿಂದ ನೆಟ್ಟು ಕಡ ತಂದು
ಪಾಸ್‌ವರ್ಡ್ ಹಾಕಿದೆ. ಎಷ್ಟು ಕುಟ್ಟಿದರೂ
ಒಂದು ಚುಕ್ಕಿಯೂ ಮೂಡುವುದಿಲ್ಲ ಅಲ್ಲಿ,
ಕರೆಂಟು ಹೋದಾಗ ಕಾಜು ಹಾಕಿದ ಹಾಗೆ.
ಒಂದು ಗುಂಡಿಯಷ್ಟು ತೂಕ. ಬಂತು.

ಮತ್ತೆ ಹೆಸರು ಹಿಡಿದು ಕೂಗಿದೆ.
ಕಿಟಕಿ ಬಿಚ್ಚಿಕೊಂಡಿತು.
ಬಿಟ್ಟಲ್ಲೇ ನಿಂತಿತ್ತು ಹಿಂಜೇಬಿನ ಎಡಮೂಲೆ,
ಅರ್ಧ ಬಾಗಿ.

"ನಾ ಹೇಳಲಿಲ್ಲಾ, ಬಂದ್ ಮಾಡಿ ಚಾಲೂ ಮಾಡಂತ"
ಎಂದರು ತಿಪ್ಪೇರುದ್ರಪ್ಪ.
ಹೂಂ ಎಂದೆ.

ಮಸ್ತಾನ್‌ವಲಿ ಥಾನು ಹಾಸುತ್ತಿದ್ದವನು
ತಲೆಯೆತ್ತದೆ ಕೇಳಿದ:
"ರೇಷನ್ ಅಂಗಡ್ಯಾಗೂ ಇಂಥಾದೊಂದು
ಕರೀ ಕಿಟಕಿ ಐತೇನಕ್ಕಾ?"